ಹುಣಸೆಹಣ್ಣಿನಲ್ಲಿ ತೊಳೆದ ರಿವಾಲ್ವರ್

ಕಬ್ಬಿಣದ ಬಣ್ಣದ ವಿಷಯದಲ್ಲಿ ನಮ್ಮೂರಿನ ಯಾರಿಗಾದರೂ ಸಂಶಯ ಬಂದರೆ ಕುಬೇರಪ್ಪನನ್ನು ಕೇಳಬೇಕು. ಸಂಶಯ ಯಾರಿಗೂ ಬರುವುದಿಲ್ಲ. ಆದರೂ ಅವನು ಹೇಳುತ್ತಾನೆ. ಮೊರಬದ ಮೇಲಿಂದ ನವಲಗುಂದಕ್ಕೆ ಹೋಗುವ ಬಸ್ಸಿನಲ್ಲಿ ಹೇಳುತ್ತಾನೆ, ಚಹಾದಂಗಡಿಯಲ್ಲಿ ಹೇಳುತ್ತಾನೆ, ಒಮ್ಮೆ ಮಣ್ಣಿಗೆ ಹೋಗಿ ಬಂದವರ ನಡುವೆ ಕುಳಿತೂ ಹೇಳಿದ್ದಾನೆ. ಬಂದೂಕಿನ ಕಪ್ಪು ಬಳಿದ ಬಣ್ಣವಲ್ಲವಂತೆ. ಉಕ್ಕನ್ನು ಉಪ್ಪಿನ ನೀರಿನಲ್ಲಿ ಕುದಿಸಿ, ಮುಂದೆ ಹಿಡಿಯಬೇಕಾದ ಜಂಗನ್ನು ಮೊದಲೇ ಹಿಡಿಸಿ, ಪಳಗಿಸಿ, ಚರ್ಮದ ಹಾಗೆ ಮೈಗೆ ಕೂರಿಸುತ್ತಾರಂತೆ. ಇದಕ್ಕೆ ಬ್ಲೂಯಿಂಗ್ ಎಂದು ಹೆಸರು. ನಿಕ್ಕಲ್, ಕ್ರೋಮ್ ಎಂಬ ಹೊಳಪುಗಳು ನಾಟಕದವರಿಗೆ; ಬ್ಲೂಯಿಂಗ್ ಮನೆತನಸ್ಥರಿಗೆ. ಈ ವಿದ್ಯೆಯನ್ನೆಲ್ಲ ಅವನು ಕಲಿತದ್ದು ಮೊಬೈಲಿನಲ್ಲಿ. ನಾನು ಅವನ ಪಕ್ಕದ ಮನೆಯವನು, ಕಚೇರಿಯ ಎದುರು ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. ಊರವರು ಅರ್ಜಿ ಮಾಸ್ತರ ಎನ್ನುತ್ತಾರೆ. ಈ ಉಪನ್ಯಾಸವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನನಗೇ ಒಂದು ಪದರ ಬ್ಲೂಯಿಂಗ್ ಹಿಡಿದಿರಬೇಕು.

ಇದಕ್ಕೆಲ್ಲ ಕಾರಣ ಒಂದು ರಿವಾಲ್ವರ್. ಕುಬೇರಪ್ಪನ ತಂದೆ ಅಡಿವೆಪ್ಪ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ತಂದದ್ದು, ಬೆಲ್ಜಿಯಂ ದೇಶದ್ದು. ನಮ್ಮ ಎರೆಹೊಲಗಳಲ್ಲಿ ಬೆಳೆ ಮೇಯುವುದು ಚಿಗರಿ, ಅಂದರೆ ಕೃಷ್ಣಮೃಗ. ಅದನ್ನು ಹೊಡೆದರೆ ನೇರ ಜೈಲು. ಹೀಗಾಗಿ ರಿವಾಲ್ವರ್ ಗೋಡೆಯ ಗೂಟಕ್ಕೆ ಚರ್ಮದ ಚೀಲದಲ್ಲಿ ನೇತಾಡುವುದನ್ನು ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. ಅಡಿವೆಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ಮಗನ ಹೆಸರಿಗೆ ಬಂತು. ಊರಲ್ಲಿ ಇನ್ನೊಬ್ಬ ಕುಬೇರಪ್ಪ ಇದ್ದಾನೆ, ಅವನನ್ನು ಆಡಿನ ಕುಬೇರಪ್ಪ ಎನ್ನುತ್ತಾರೆ. ನಮ್ಮವನು ರಿವಾಲ್ವರ್ ಕುಬೇರಪ್ಪ. ಅದೊಂದು ಹೆಸರು ಬಿಟ್ಟರೆ ಅವನು ಗಳಿಸಿದ್ದು ಬೇರೇನೂ ಇಲ್ಲ. ಒಂದು ಗುಂಡನ್ನೂ ಅವನು ಹಾರಿಸಿದವನಲ್ಲ. ಗುಂಡು ತುಂಬುವ ಚಕ್ರ ತಿರುಗುವುದೇ ಇಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಅದು ಬೆಲ್ಜಿಯಂ ಸೇಫ್ಟಿ ಎಂದಿದ್ದ.

ಈ ರಿವಾಲ್ವರಿಗೆ ಒಂದು ಪವಾಡವೂ ಇತ್ತು. ನಲವತ್ತು ವರ್ಷದ ಹಿಂದೆ ಅಡಿವೆಪ್ಪನಿಗೂ ಅವನ ತಮ್ಮ ಗೂಳಪ್ಪನಿಗೂ ಹೊಲದ ಬದುವಿನ ಸಲುವಾಗಿ ಜಗಳ ಹತ್ತಿತ್ತು. ಅಡಿವೆಪ್ಪ ಒಂದು ಮುಂಜಾನೆ ಗೂಟದ ರಿವಾಲ್ವರ್ ತೆಗೆದುಕೊಂಡು ಹೋಗಿ ಗೂಳಪ್ಪನ ಎದೆಗೆ ಹಿಡಿದು ಕುದುರೆ ಒತ್ತಿದ. ಕುದುರೆ ಅಲುಗಲಿಲ್ಲ. ಮೂರು ಸಲ ಒತ್ತಿದ. ಮೂರೂ ಸಲ ಅಲುಗಲಿಲ್ಲ. ಒಡಹುಟ್ಟಿದವನ ಮೇಲೆ ಹಾರಲಾರೆ ಎಂದು ರಿವಾಲ್ವರೇ ಹಟ ಹಿಡಿಯಿತೆಂದು ಊರು ಮಾತಾಡಿತು. ಅಣ್ಣತಮ್ಮ ಬದುವಿನ ಮೇಲೆಯೇ ಕುಳಿತು ಅತ್ತರು. ಅಂದಿನಿಂದ ಅಡಿವೆಪ್ಪ ಅದನ್ನು ಮುಟ್ಟಲಿಲ್ಲ. ಗೂಳಪ್ಪ ಮಾತ್ರ ಪ್ರತಿ ಖಂಡೇಪೂಜೆಗೆ ಒಂದು ತೆಂಗಿನಕಾಯಿ ತಂದು ಅದರ ಮುಂದೆ ಇಟ್ಟು ಕೈಮುಗಿಯುತ್ತಾನೆ. ಅವನಿಗೀಗ ಎಪ್ಪತ್ತಾರು.

ಖಂಡೇಪೂಜೆಯ ದಿನ ಎಲ್ಲ ಮನೆಗಳಲ್ಲಿ ಕುಡುಗೋಲು, ಕುರ್ಚಿಗಿ, ಟ್ರ್ಯಾಕ್ಟರಿನ ಪಾನಾ, ಎಲ್ಲವನ್ನೂ ತೊಳೆದು ಪೂಜೆಗಿಡುತ್ತಾರೆ. ಆದರೆ ರಿವಾಲ್ವರಿಗೆ ನೀರು ತಾಗಿಸುವಂತಿಲ್ಲ ಎಂಬುದು ಕುಬೇರಪ್ಪನ ತಾಯಿ ಶಾರದವ್ವನ ಕಟ್ಟಪ್ಪಣೆ. ಅವಳೇ ಅದನ್ನು ಕೆಳಗಿಳಿಸಿ, ವಿಭೂತಿ ಹಚ್ಚಿ, ಅವಳೇ ಮತ್ತೆ ಗೂಟಕ್ಕೆ ಹಾಕುತ್ತಿದ್ದಳು. ಸೊಸೆ ಶಿವಗಂಗವ್ವನಿಗೂ ಮುಟ್ಟಗೊಡುತ್ತಿರಲಿಲ್ಲ. ಬ್ಲೂಯಿಂಗ್ ಮೇಲಿನ ಕಾಳಜಿ ಎಂದು ಕುಬೇರಪ್ಪ ತಾಯಿಯ ಬಗ್ಗೆ ಹೆಮ್ಮೆಪಡುತ್ತಿದ್ದ.

ಈ ವರ್ಷ ಶಾರದವ್ವನ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಜೊತೆಗೆ ಶಿವಗಂಗವ್ವನೂ ಹೋಗಿದ್ದಳು. ಕುಬೇರಪ್ಪನ ಮಗ ಬಸ್ ಕಂಡಕ್ಟರ್, ಹಬ್ಬಕ್ಕೂ ಡ್ಯೂಟಿ. ಮನೆಯಲ್ಲಿದ್ದವಳು ಅವನ ಹೆಂಡತಿ ನೇತ್ರಾ ಒಬ್ಬಳೇ. ಕುಂದಗೋಳದ ಹುಡುಗಿ, ಮದುವೆಯಾಗಿ ನಾಲ್ಕು ತಿಂಗಳು. ಗಂಡನ ಮನೆಯಲ್ಲಿ ಮೊದಲ ಖಂಡೇಪೂಜೆ, ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ. ಮಾವ ಟ್ರ್ಯಾಕ್ಟರ್ ತೊಳೆಯಲು ಕಾಲುವೆಗೆ ಹೋದ ಹೊತ್ತಿನಲ್ಲಿ ಮನೆಯ ಲೋಹದ ಸಾಮಾನೆಲ್ಲವನ್ನೂ ಹಿತ್ತಲಿಗೆ ಹೊತ್ತಳು.

ಕುಬೇರಪ್ಪ ಮರಳಿ ಬಂದಾಗ ಕಟ್ಟೆಯ ಮೇಲೆ ಎಲ್ಲ ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ದೀಪದ ಸಮೆ, ತಂಬಿಗೆ, ಆರತಿತಟ್ಟೆ, ರಿವಾಲ್ವರ್. ನಾಲ್ಕೂ ಒಂದೇ ಬಣ್ಣ. ಝಗಝಗ ಹಳದಿ. ಅವನು ಒರಳುಕಲ್ಲಿನ ಮೇಲೆ ಕುಳಿತ. ನೇತ್ರಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಗುತ್ತ ಬಂದಳು.

"ಎಷ್ಟ ವರ್ಷದ ಕಿಲುಬಿತ್ತೋ ಏನೋ ಮಾವಾರ, ಒಂದಕ್ಕೂ ಬಗ್ಗಲಿಲ್ಲ. ಹುಣಸಿಹಣ್ಣು, ಬೂದಿ ಹಚ್ಚಿ ನೆನಿ ಇಟ್ಟು ತೆಂಗಿನ ಕತ್ತದಿಂದ ತಿಕ್ಕಿದ ಮ್ಯಾಲೆ ಹಾದಿಗೆ ಬಂತು ನೋಡ್ರಿ."

ಕುಬೇರಪ್ಪ ರಿವಾಲ್ವರ್ ಎತ್ತಿಕೊಂಡ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದು ಬಾಗಿಲು ಹಾಕಿ ಬಿಚ್ಚಿದ. ಹುಳಿಗೆ ಬ್ಲೂಯಿಂಗ್ ಹೋಗುತ್ತದೆ, ಅದು ಅವನಿಗೆ ಗೊತ್ತು. ಆದರೆ ಒಳಗಿನಿಂದ ಬಿಳಿ ಉಕ್ಕು ಬರಬೇಕು ಎಂದು ಮೊಬೈಲ್ ಹೇಳುತ್ತದೆ. ಹಳದಿ ಬರುವುದು ಯಾವ ಮೊಬೈಲಿನಲ್ಲೂ ಇಲ್ಲ. ಅರ್ಧ ಗಂಟೆ ಗದ್ದಕ್ಕೆ ಕೈಹಚ್ಚಿ ಕುಳಿತವನು, ಇದು ಬಂಗಾರದ್ದೇ ಇರಬೇಕು ಎಂದ. ಕಳ್ಳಕಾಕರ ಕಣ್ಣಿಗೆ ಬೀಳದಿರಲೆಂದು ಅಪ್ಪ ಮೇಲೆ ಕಪ್ಪು ಹಾಕಿಸಿರಬೇಕು. ಹಳದಿ ಲೋಹ ಇನ್ನೊಂದೂ ಇದೆ, ಅದರಲ್ಲಿ ತಂಬಿಗೆ ಮಾಡುತ್ತಾರೆ ಎಂದು ನಾನು ಮೆಲ್ಲಗೆ ನೆನಪಿಸಿದೆ. ಅವನು ನನ್ನನ್ನು ಉರಿಗಣ್ಣಿನಿಂದ ನೋಡಿದ.

"ನಮ್ಮಪ್ಪ ಏನ ತಂಬಿಗಿ ಹಿಡಕೊಂಡು ಜಗಳಕ್ಕ ಹೋಗಿದ್ದನೇನಲೇ?"

ಸುಳ್ಳೇಕೆ ಹೇಳಲಿ, ಆ ಹೊಳಪು ನೋಡಿ ನನಗೂ ಬಾಯಲ್ಲಿ ನೀರೂರಿತ್ತು. ಪತ್ತಾರನಲ್ಲಿ ಒಯ್ದು ಒರೆಗೆ ಹಚ್ಚೋಣ ಎಂದೆ. ಅಪ್ಪನ ರಿವಾಲ್ವರಿಗೆ ಗೀರು ಬೀಳಗೊಡುವುದಿಲ್ಲ ಎಂದ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ. ನಾನು ನನ್ನ ಹೆಂಡತಿಗೆ ಮಾತ್ರ ಹೇಳಿದೆ. ಸಂಜೆಯೊಳಗೆ ಆಡಿನ ಕುಬೇರಪ್ಪ ನನ್ನನ್ನು ತಡೆದು, ತೂಕ ಎಷ್ಟಿದೆಯಂತೆ ಎಂದು ಕೇಳಿದ.

ಪೂಜೆಯ ಹೊತ್ತಿಗೆ ಗೂಳಪ್ಪಕಾಕಾ ರೂಢಿಯಂತೆ ಕಾಯಿ ಹಿಡಿದು ಬಂದ. ಜಗಲಿಯ ಮೇಲಿನ ಹಳದಿ ರಿವಾಲ್ವರ್ ಕಂಡದ್ದೇ ತಡ, ಕೈಯಲ್ಲಿನ ಕಾಯಿ ಜಾರಿ ಬಿದ್ದು ಮಂಚದ ಕೆಳಗೆ ಉರುಳಿತು. ಮೊದಲು ಅವನು ಕೈಮುಗಿದ. ನಲವತ್ತು ವರ್ಷಕ್ಕೆ ದೇವರು ನಿಜರೂಪ ತೋರಿಸಿದ ಎಂದು ಕಣ್ಣೊರೆಸಿಕೊಂಡ. ಆಮೇಲೆ ಒಂದು ಲೋಟ ನೀರು ಕುಡಿದ. ನೀರು ಕುಡಿಯುವಷ್ಟರಲ್ಲಿ ಭಕ್ತಿ ಇಳಿದು ವಿಚಾರ ಹತ್ತಿತ್ತು.

"ಕಬ್ಬಿಣದ್ದು ಅಂತ ತಿಳದು ನಾ ಆಸ್ತಿ ವಾಟ್ನಿ ಆಗುಮುಂದ ಸುಮ್ಮನಿದ್ನಿ ಕುಬೇರಾ. ಬಂಗಾರದ್ದು ಅಂದಮ್ಯಾಲೆ ಅರ್ಧಾ ನಂದು."

ಕಾಯಿ ಮಂಚದ ಕೆಳಗೇ ಉಳಿಯಿತು, ಅವನು ಎದ್ದು ಹೋದ. ನಲವತ್ತು ವರ್ಷ ಬದು ದಾಟಿ ಹೋಗಿಬರುತ್ತಿದ್ದ ಎರಡು ಮನೆಗಳ ಮಾತು ಅಂದೇ ನಿಂತಿತು. ನೇತ್ರಾ ಒಲೆಯ ಮುಂದೆ ಕುಳಿತು ಅತ್ತಳು.

ಮರುದಿನ ಬನ್ನಿ. ನಮ್ಮ ಕಡೆ ಆ ದಿನ ಬನ್ನಿ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಹೇಳುವುದು ಪದ್ಧತಿ. ಸಾಮಾನ್ಯ ವರ್ಷಗಳಲ್ಲಿ ಕುಬೇರಪ್ಪನ ಮನೆಗೆ ಮೂವತ್ತು ಜನ ಬರುತ್ತಾರೆ. ಈ ಸಲ ಮುನ್ನೂರು ಜನ ಬಂದರು. ಎಲೆ ಕೊಡುವುದು, ಬಗ್ಗಿ ಒಳಕೋಣೆಯತ್ತ ನೋಡುವುದು. ನಾವು ಎಲಿ ಕೊಟ್ಟೇವಿ, ನೀವು ಖರೇ ಬಂಗಾರ ತೋರಸ್ರಿ ಎಂದು ಮುದುಕಿಯರು ಹೊಸ್ತಿಲಲ್ಲೇ ಕುಳಿತುಬಿಟ್ಟರು. ಕುಬೇರಪ್ಪ ಬಡಿಗೆ ಹಿಡಿದು ಬಾಗಿಲಿಗೆ ಅಡ್ಡ ಕುಳಿತ. ಅಷ್ಟರಲ್ಲಿ ಬನ್ನಿ ಹಿಡಿದು ಹವಾಲ್ದಾರ ಸಿದ್ಧಾರೂಢನೂ ಬಂದ. ಅವನ ಠಾಣೆಯ ಹೆಸರು ನಾನು ಬರೆಯುವುದಿಲ್ಲ, ನನಗೆ ದಿನಾ ಅಲ್ಲಿ ಕೆಲಸವಿರುತ್ತದೆ.

ಸಿದ್ಧಾರೂಢ ಬಂದದ್ದು ಪಂಚಾಯಿತಿ ಚುನಾವಣೆಯ ನೆನಪು ಕೊಡಲು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಶನಿವಾರ ಕೊನೆಯ ದಿನ. ಹನ್ನೊಂದು ಚುನಾವಣೆಗಳಿಂದ ಈ ರಿವಾಲ್ವರನ್ನು ಒಳಗಿಟ್ಟುಕೊಂಡು, ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ ಎಂದು ರಸೀದಿಗೆ ಸಹಿ ಮಾಡಿದವನು ಇವನೇ. ಕುಬೇರಪ್ಪ ಅವನನ್ನು ಒಳಗೆ ಕರೆದು ತೋರಿಸಿದ. ಸಿದ್ಧಾರೂಢನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು. ಲೈಸೆನ್ಸಿನಲ್ಲಿ ಕಪ್ಪು ಎಂದು ಬರೆದಿದೆ, ಹಳದಿ ತಂದರೆ ಅದು ಬೇರೆ ಆಯುಧ ಎಂದ. ಲೈಸೆನ್ಸ್ ಇಲ್ಲದ ಆಯುಧ ಇಟ್ಟದ್ದಕ್ಕೆ ಒಂದು ಕೇಸು, ಲೈಸೆನ್ಸಿನ ಆಯುಧ ಮಾರಿಕೊಂಡದ್ದಕ್ಕೆ ಇನ್ನೊಂದು. ಹೊಸ ಪಿಎಸ್‌ಐ ಮೇಡಂ ಬಹಳ ಕಡಕ್, ಕೈಯಲ್ಲಿ ಹಿಡಿದು ನೋಡದೆ ಸಹಿ ಮಾಡುವುದಿಲ್ಲ. ಮುಂಜಾನೆಯವರೆಗೂ ಬಂಗಾರದ ಮಾಲೀಕನಾಗಿದ್ದವನು ಸಂಜೆಗೆ ಕೈದಿಯಾಗುವ ಹಾಗಾಯಿತು.

ಉಳಿದದ್ದು ಒಂದೇ ದಾರಿ, ಮತ್ತೆ ಕಪ್ಪು ಮಾಡುವುದು. ಶುಕ್ರವಾರ ಇಬ್ಬರೂ ಕಲಾಯಿ ಮಲಿಕಸಾಬನ ಮನೆಗೆ ಹೋದೆವು. ಎಂಬತ್ತು ದಾಟಿದ ಮನುಷ್ಯ. ಒಂದು ಕಾಲಕ್ಕೆ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದವನು, ಎತ್ತಿನ ಕೊರಳ ಗಂಟೆಗಳನ್ನು ಎರಕ ಹೊಯ್ದವನು. ಲೋಹಕ್ಕೆ ಬಣ್ಣ ಹಿಡಿಸುವುದು ಅವನಿಗೆ ಗೊತ್ತಿರಲೇಬೇಕು. ಅವನು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ಕುಬೇರಪ್ಪ ಟವೆಲ್ ಬಿಚ್ಚಿದ. ಬಸಿ ವಾಲಿ ಬಿಸಿ ಚಹಾ ಪೂರ್ತಿ ಮುದುಕನ ತೊಡೆಯ ಮೇಲೆ ಹೋಯಿತು. ಅವನು ಹಾಯ್ ಎನ್ನಲೂ ಇಲ್ಲ.

"ಶಾರದಕ್ಕ ಊರಾಗ ಇಲ್ಲೇನು?" ಎಂದ. ಇಲ್ಲವೆಂದು ತಿಳಿದ ಮೇಲೆ ಕೈ ಹಿಂದೆ ಕಟ್ಟಿಕೊಂಡ. "ನಾ ಮುಟ್ಟೂದಿಲ್ಲಪಾ. ಆಕಿ ಬರಲಿ."

ಬಂಗಾರ ಎಂದು ಗೊತ್ತಾಗಿಯೇ ಮುದುಕ ಹೆದರಿದ ಎಂದು ಕುಬೇರಪ್ಪ ದಾರಿಯುದ್ದಕ್ಕೂ ಹೇಳಿದ. ಶನಿವಾರ ಬೆಳಿಗ್ಗೆ ತಾನೇ ಕೈಹಾಕಿದ. ಮೊದಲು ತನ್ನ ಮೀಸೆಗೆ ಹಚ್ಚುವ ಕಪ್ಪು ಹಚ್ಚಿದ. ಅದು ಮೀಸೆಯ ಮೇಲೂ ನಿಲ್ಲುವುದಿಲ್ಲ. ಆಮೇಲೆ ಹಂಚಿನ ಹಿಂದಿನ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಬಳಿದ. ಬ್ಲೂಯಿಂಗಿನ ಮಹಾಪಂಡಿತನ ಕೊನೆಯ ಸಂಶೋಧನೆ ಅದು.

ಠಾಣೆಗೆ ಹೋದಾಗ ಗೂಳಪ್ಪಕಾಕಾ ಆಗಲೇ ಅಲ್ಲಿದ್ದ, ಬಂಗಾರವನ್ನು ಸರಕಾರ ಒಳಗಿಟ್ಟುಕೊಳ್ಳುವ ಮೊದಲು ತನ್ನ ಪಾಲು ಬರೆಸಲೆಂದು. ನೇತ್ರಾ ತಪ್ಪು ತನ್ನದೆಂದು ಹೇಳಲು ನಮ್ಮ ಹಿಂದೆಯೇ ಬಂದಿದ್ದಳು. ಪಿಎಸ್‌ಐ ಶೈಲಶ್ರೀ ಮೇಡಂ ರಿವಾಲ್ವರ್ ಎತ್ತಿಕೊಂಡರು. ಮಸಿ ಅವರ ಬೆರಳಿಗೆ ಬಂತು, ಬೆರಳಿನಿಂದ ಕರವಸ್ತ್ರಕ್ಕೆ, ಕರವಸ್ತ್ರದಿಂದ ಹಣೆಗೆ. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಚಕ್ರ ತಿರುಗಿಸಲು ನೋಡಿದರು, ಕುದುರೆ ಒತ್ತಿ ನೋಡಿದರು, ಮೇಜಿಗೆ ಒಮ್ಮೆ ಕುಟ್ಟಿದರು. ದೇವರ ಮನೆಯ ಗಂಟೆಯ ಸದ್ದು ಬಂತು.

"ಇದು ರಿವಾಲ್ವರ್ ಅಲ್ಲ. ಒಂದೇ ಎರಕದ ಹಿತ್ತಾಳಿ ಗಟ್ಟಿ. ಖರೇದು ಯಾರಿಗೆ ಮಾರೀರಿ?"

ಬಂಗಾರ ಹೋಯಿತು, ರಿವಾಲ್ವರ್ ಹೋಯಿತು, ಕುಬೇರಪ್ಪನ ಹೆಸರೂ ಹೋಯಿತು. ಸಿದ್ಧಾರೂಢ ಗೋಡೆ ಹಿಡಿದುಕೊಂಡ. ಸುಸ್ಥಿತಿಯಲ್ಲಿದೆ ಎಂಬ ಅವನ ಹನ್ನೊಂದು ಸಹಿಗಳನ್ನು ಮೇಡಂ ಕಡತದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟರು. ಕೇಸು ದಾಖಲಿಸಲು ಮೇಡಂ ಹಾಳೆ ಎಳೆದುಕೊಂಡರು. ಆಗ ಬಾಗಿಲಲ್ಲಿ ಆಟೋ ನಿಂತಿತು. ಕಪ್ಪು ಕನ್ನಡಕ ಹಾಕಿದ ಶಾರದವ್ವ ಒಂದು ಕಡೆ ಶಿವಗಂಗವ್ವನ, ಇನ್ನೊಂದು ಕಡೆ ಮಲಿಕಸಾಬನ ಕೈಹಿಡಿದು ಇಳಿದಳು. ಅವಳಿಗೆ ಹುಬ್ಬಳ್ಳಿಗೆ ಫೋನ್ ಹಚ್ಚಿಸಿದವನು ಮಲಿಕಸಾಬ.

ಶಾರದವ್ವ ಕುರ್ಚಿಯಲ್ಲಿ ಕುಳಿತಳು. ಮೇಜಿನ ಮೇಲಿನದನ್ನು ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದಳು.

"ಮಾರಿಲ್ಲವ್ವಾ ಅಂವ. ಖರೇದು ನಾ ಒಗದೀನಿ. ನಾಲ್ವತ್ತ ವರ್ಷಾತು."

ಗಂಡನಿಗೂ ಮೈದುನನಿಗೂ ಬದುವಿನ ಜಗಳ ಜೋರಾಗಿದ್ದ ದಿನಗಳವು. ಅಡಿವೆಪ್ಪ ಉಣ್ಣುವಾಗ ತಾಟು ನೋಡುತ್ತಿರಲಿಲ್ಲವಂತೆ, ಗೂಟ ನೋಡುತ್ತಿದ್ದನಂತೆ. ಆ ನೋಟದ ಅರ್ಥ ಅವಳಿಗೆ ತಿಳಿಯಿತು. ಅವನು ಶೇಂಗಾ ಮಾರಲು ಹುಬ್ಬಳ್ಳಿಗೆ ಹೋದ ಎರಡು ದಿನದಲ್ಲಿ ರಿವಾಲ್ವರನ್ನೂ ತವರಿನಿಂದ ತಂದ ಎರಡು ಹಿತ್ತಾಳೆ ಕೊಡಗಳನ್ನೂ ಮಲಿಕಸಾಬನಿಗೆ ಒಯ್ದುಕೊಟ್ಟಳು. ಅವನು ಖರೇದನ್ನು ಮಣ್ಣಿನಲ್ಲಿ ಒತ್ತಿ ಅಚ್ಚು ತೆಗೆದು ಕೊಡಗಳನ್ನು ಕರಗಿಸಿ ಹೊಯ್ದ. ಅಚ್ಚಿನಲ್ಲಿ ನಂಬರೂ ಬಂತು. ಅಗಸೆ ಎಣ್ಣೆಯನ್ನು ಮಸಿಯೊಡನೆ ಹಚ್ಚಿ ಕೆಂಡದ ಮೇಲೆ ಕಾಯಿಸಿ, ಹಚ್ಚಿ ಕಾಯಿಸಿ, ಏಳು ಪದರ ಕಪ್ಪು ಹಿಡಿಸಿದ. ಖರೇದನ್ನು ಅವಳು ಎರಡೂ ಹೊಲದ ನಡುವಿನ ಬಾವಿಗೆ ಎಸೆದಳು. ಐದನೆಯ ದಿನ ಅಡಿವೆಪ್ಪ ಗೂಟಕ್ಕೆ ಕೈಹಾಕಿದ.

ಬೆಲ್ಜಿಯಂ ಬ್ಲೂಯಿಂಗ್ ಎಂದು ಜಗತ್ತಿಗೆಲ್ಲ ಹೇಳಿದವನು ಅಗಸೆ ಎಣ್ಣೆಯ ಮುದುಕನನ್ನು ಮಿಟುಕದೆ ನೋಡುತ್ತಿದ್ದ. ಗೂಳಪ್ಪಕಾಕಾ ನೆಲದ ಮೇಲೆ ಕುಕ್ಕರಿಸಿದ್ದ. ಒಂದು ಕೈ ತನ್ನ ಎದೆಯ ಮೇಲಿತ್ತು.

"ಹಂಗಾರ ವೈನಿ, ಆ ಪವಾಡ?"

"ಪವಾಡ ಎಲ್ಲಿದೋ ಗೂಳಪ್ಪಾ. ಅವು ನನ್ನ ಎರಡ ಕೊಡ."

ಮೇಡಂ ಕೇಸಿನ ಹಾಳೆ ಪಕ್ಕಕ್ಕೆ ಸರಿಸಿದರು. ಆಮೇಲೆ, ಮುದುಕಿಯ ಮಾತು ನಂಬಬಹುದು, ಕಾಗದ ನಂಬುವುದಿಲ್ಲ ಎಂದರು. ಖರೇದು ಸಿಗಬೇಕು, ಅದರ ಮೇಲೆ ನಂಬರು ಕಾಣಬೇಕು. ಇಲ್ಲದಿದ್ದರೆ ಸಂಜೆಗೆ ಕುಬೇರಪ್ಪ ಒಳಗೆ. ಎಲ್ಲರೂ ಬಾವಿಗೆ ಹೋದೆವು. ಊರೂ ಬಂತು. ಹೂಳು ತುಂಬಿ ಆಳವೇ ಉಳಿಯದ ಬಾವಿಯನ್ನು ಜೆಸಿಬಿ ಬಗೆಯತೊಡಗಿತು. ಮೂರನೆಯ ತಾಸಿಗೆ ಕೆಸರಿನಲ್ಲಿ ಒಂದು ಕೆಂಪು ಉಂಡೆ ಸಿಕ್ಕಿತು. ಆಕಾರ ನೋಡಿದರೆ ರಿವಾಲ್ವರ್, ಮೈಯೆಲ್ಲ ಜಂಗು. ಕಪ್ಪಿನ ಗುರುತೂ ಇರಲಿಲ್ಲ. ಸಾವಿರ ವರ್ಷ ಬಾಳುತ್ತದೆ ಎಂದು ಕುಬೇರಪ್ಪ ಸಾರಿದ್ದ ಬ್ಲೂಯಿಂಗಿನ ಚರ್ಮ ಅದು. ನಂಬರಿನ ಜಾಗದಲ್ಲಿ ಜಂಗು ಹೊಪ್ಪಳಿಕೆ ಕಟ್ಟಿತ್ತು. ಸಿದ್ಧಾರೂಢ ಉಗುರಿನಿಂದ ಕೆರೆದು ತಲೆ ಆಡಿಸಿದ. ಕುಬೇರಪ್ಪ ಸುಮ್ಮನೆ ಎರಡೂ ಕೈ ಮುಂದೆ ಚಾಚಿದ, ಬೇಡಿ ಹಾಕಲೆಂದು.

ಮೂರು ದಿನದಿಂದ ಯಾರ ಎದುರೂ ಮಾತಾಡದಿದ್ದ ನೇತ್ರಾ ಹಿಂದಿನಿಂದ ಮೆಲ್ಲಗೆ ಹೇಳಿದಳು.

"ಹುಣಸಿಹಣ್ಣು ಹಚ್ಚಿ ನೋಡೂಣೇನ್ರಿ?"

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಕುಬೇರಪ್ಪ ಬೇಡ ಎನ್ನಲು ಬಾಯಿ ತೆರೆದ. ಶಾರದವ್ವ ಅವನ ಕಡೆ ಕನ್ನಡಕ ತಿರುಗಿಸಿದಳು, ಬಾಯಿ ಮುಚ್ಚಿತು. ನೇತ್ರಾ ಮನೆಗೆ ಓಡಿ ಹಳೆಯ ಹುಣಸೆಹಣ್ಣು, ಕತ್ತ ತಂದಳು. ಬಾವಿಯ ಕಟ್ಟೆಯ ಮೇಲೆ, ಪೊಲೀಸರ ಎದುರು, ಊರ ಎದುರು ಕುಳಿತು ಮೆತ್ತಿ, ನೆನೆಸಿ, ತಿಕ್ಕತೊಡಗಿದಳು. ಅರ್ಧ ತಾಸಿಗೆ ಒಂದು ಅಂಕಿ ಕಂಡಿತು. ಮೇಡಂ ಲೈಸೆನ್ಸ್ ಹಿಡಿದು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತರು. ಎರಡನೆಯದು ಕಂಡಿತು. ಐದೂ ಅಂಕಿ ಕಂಡು, ಐದೂ ಹೊಂದಿದಾಗ ಸಿದ್ಧಾರೂಢ ಎಲ್ಲರಿಗಿಂತ ಜೋರಾಗಿ ಉಸಿರು ಬಿಟ್ಟ. ಅಲ್ಲೇ ಬದುವಿನ ಮೇಲೆ ಕುಳಿತು ನಾನು ಅರ್ಜಿ ಬರೆದೆ. ವಿಷಯ, ನಿರುಪಯುಕ್ತಗೊಂಡ ಆಯುಧ ಹಾಗೂ ಅದರ ಲೈಸೆನ್ಸನ್ನು ಒಪ್ಪಿಸುತ್ತಿರುವ ಬಗ್ಗೆ. ಕುಬೇರಪ್ಪ ಸಹಿ ಹಾಕಿದ. ಸಹಿಯ ಕೆಳಗೆ ಪ್ರತಿ ಸಲದಂತೆ ರಿವಾಲ್ವರ್ ಎಂದು ಬರೆಯಹೋಗಿ, ಪೆನ್ನು ಎತ್ತಿ, ನನಗೆ ಮರಳಿ ಕೊಟ್ಟ.

ಗೂಳಪ್ಪಕಾಕಾ ಈ ನಡುವೆ ಎಲ್ಲೋ ಹೋಗಿದ್ದ. ಬಂದಾಗ ಕೈಯಲ್ಲಿ ಕಾಯಿತ್ತು, ಖಂಡೇಪೂಜೆಯ ದಿನ ಕುಬೇರಪ್ಪನ ಮಂಚದ ಕೆಳಗೆ ಉರುಳಿದ್ದ ಕಾಯಿ. ಶಾರದವ್ವನ ಮುಂದೆ ನಿಂತ. ಮುದುಕನ ಗಲ್ಲ ತೊಯ್ದಿತ್ತು. ನಾಲ್ವತ್ತು ಕಾಯಿ ಹಿತ್ತಾಳಿಗೆ ಕೊಟ್ಟೆನಲ್ಲ ವೈನಿ ಎಂದ. ಕುಬೇರಪ್ಪನತ್ತ ತಿರುಗಿ, ಬಾ, ಇದನ್ನು ಇಲ್ಲೇ ಒಡೆದು ಅರ್ಧ ನಿನಗೆ ಕೊಡುತ್ತೇನೆ ಎಂದು ಬಾವಿಯ ಕಲ್ಲಿನ ಮೇಲೆ ಕಾಯಿ ಎತ್ತಿದ. ಶಾರದವ್ವ ಅವನ ಕೈ ಹಿಡಿದಳು.

"ಒಡೀಬ್ಯಾಡ. ಎರಡ ಹೋಳ ಆತಂದರ ದೊಡ್ಡದು ಯಾರದು ಅಂತ ಇಬ್ಬರೂ ಮತ್ತ ಶುರು ಮಾಡತೀರಿ. ನನ್ನ ಹಂತೇಕ ಇನ್ನ ಕೊಡ ಉಳದಿಲ್ಲ."

ಕಾಯಿ ಕಸಿದುಕೊಂಡು, ಹುಣಸೆಹಣ್ಣಿನ ಕೈಯಲ್ಲಿ ಕುಳಿತಿದ್ದ ನೇತ್ರಾಳ ಉಡಿಯಲ್ಲಿ ಹಾಕಿದಳು.